ಸಂತೆಯಲ್ಲಿ ನಿದ್ದೆ ಮಾಡೆಂಬ ಉಪದೇಶ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂದು ನಮ್ಮಲ್ಲೊಂದು ಗಾದೆಯುಂಟು. ಇದನ್ನು ಕಟ್ಟಿದವರು ರಾತ್ರಿಪಾಳಿ ಮಾಡಿದವರಲ್ಲವೆಂದು ನಾವು ಧೈರ್ಯವಾಗಿ ಹೇಳಬಲ್ಲೆವು. ಅದೇ ಗಾದೆ ಈಗ ಮೊಬೈಲಿನ ವೇಷ ತೊಟ್ಟು ಬಂದಿದೆ.

ನಮ್ಮ ಮನೆಯಾಕೆ ಮುಂಬಯಿಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ದಾದಿ. ಕಳೆದ ವರ್ಷ ಅಲ್ಲಿನ ರಾತ್ರಿಪಾಳಿಯವರು ನಿದ್ದೆ ಸಾಲುತ್ತಿಲ್ಲವೆಂದು ಮನವಿ ಕೊಟ್ಟರು. ಆಡಳಿತದವರು ಒಂದು ಉಪನ್ಯಾಸ ಏರ್ಪಡಿಸಿ, ಎಲ್ಲರ ಫೋನಿಗೂ ನಿದ್ದೆಯ ಆ್ಯಪ್ ಒಂದನ್ನು ಹಾಕಿಸಿದರು. ಪಾಳಿಯ ಪಟ್ಟಿ ಮಾತ್ರ ಕದಲಲಿಲ್ಲ. ಎರಡು ದಿನ ಬೆಳಗು, ಎರಡು ದಿನ ರಾತ್ರಿ, ಯಾರಾದರೂ ರಜೆ ಹಾಕಿದರೆ ಡಬಲ್ ಡ್ಯೂಟಿ. ಲೋಕಲ್ ರೈಲಿನಲ್ಲಿ ನಿಂತು ಬೆಳಿಗ್ಗೆ 9ಕ್ಕೆ ಮನೆ ಸೇರಿದವಳಿಗೆ ಆ ಆ್ಯಪ್ ಹೇಳುತ್ತದೆ: ದಿನವೂ ಒಂದೇ ಹೊತ್ತಿಗೆ ಮಲಗಿರಿ! ಸಂಜೆ ಎದ್ದರೆ ನೂರಕ್ಕೆ 42 ಅಂಕ. ರಾತ್ರಿಯಿಡೀ ಇತರರ ಜೀವ ಕಾಯ್ದವಳು ನಪಾಸಾದ ಮಗುವಿನಂತೆ ಮುಖ ಸಣ್ಣದು ಮಾಡಿಕೊಂಡದ್ದನ್ನು ಕಂಡು ನಮಗೆ ರೇಗಿತು.

ನಾವು ವಿಜ್ಞಾನದ ವಿರೋಧಿಗಳಲ್ಲ. ಹಿಂದೊಮ್ಮೆ ಬಿ.ಎಸ್ಸಿ. ಓದಿದವರೇ. ನಿದ್ರಾಹೀನತೆಗೆ ಗುಳಿಗೆಗಿಂತ ಮೊದಲು ಅಭ್ಯಾಸ, ಆಲೋಚನೆಗಳನ್ನು ತಿದ್ದುವ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೇಳಿತು. ಆ ಚಿಕಿತ್ಸೆಯನ್ನೇ ಫೋನಿನಲ್ಲಿ ಕೊಡುವ ‘ಸ್ಲೀಪಿಯೋ’ವನ್ನು ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಒಪ್ಪಿದೆವು. ಆದರೆ ಅದು ಹಾಸಿಗೆಯಿದ್ದೂ ನಿದ್ದೆ ಬಾರದವರಿಗೆ ಮದ್ದು. ನಮ್ಮವರದು ಮಲಗಲು ಹೊತ್ತೇ ಸಿಗದ ಕಾಯಿಲೆ.

ದೇಹದೊಳಗೊಂದು ಗಡಿಯಾರವಿದೆ. ಅದರ ಯಂತ್ರವನ್ನು ಹಣ್ಣುನೊಣದಲ್ಲಿ ಬಿಡಿಸಿ ತೋರಿಸಿದ ಮೂವರಿಗೆ 2017ರ ನೊಬೆಲ್ ಸಂದಿತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಹಗಲಿನ ಬೆಳಕು. ಬೆಳಗಿನ ಜಾವ ಮೈಯ ಶಾಖ ತೀರಾ ಇಳಿದಾಗ ದಾದಿ ಸೂಜಿ ಚುಚ್ಚಬೇಕು, 108ರ ಚಾಲಕ ಗಾಡಿ ಓಡಿಸಬೇಕು. ಮಲಗಲು ಮನೆಗೆ ಹೊರಟಾಗ ಸೂರ್ಯ ಎದುರಿಗೇ ನಿಂತು ‘ಏಳು’ ಎನ್ನುತ್ತಾನೆ. ರಾತ್ರಿಪಾಳಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ಹೇಳಿ, 2019ರಲ್ಲಿ ಮತ್ತೆ ಅದನ್ನೇ ಖಚಿತಪಡಿಸಿತು. ಇಷ್ಟು ದೊಡ್ಡ ಸಂಗತಿಗೆ ಫೋನಿನ ಮಳೆಸದ್ದು ಪರಿಹಾರವೇ?

ಪಾಳಿಯವರಿಗೆಂದೇ ಮಾಡಿದ ಆ್ಯಪ್‌ಗಳೂ ಇವೆ. ಪಾಳಿಗೆ ಮುಂಚೆ ಯಾವಾಗ ಚಿಕ್ಕ ನಿದ್ದೆ ಮಾಡಬೇಕು, ಎಷ್ಟು ಹೊತ್ತಿನ ಮೇಲೆ ಕಾಫಿ ಬೇಡ, ಬೆಳಿಗ್ಗೆ ಕಪ್ಪು ಕನ್ನಡಕ ಹಾಕಬೇಕೆ ಎಂದು ಅವು ಲೆಕ್ಕ ಹಾಕಿ ಹೇಳುತ್ತವೆ. ಉಪಯೋಗವುಂಟು. ಆದರೆ ಹಿಂದಿನ ದಿನ ಸಂಜೆ ಅಂಟಿಸುವ ಪಟ್ಟಿಯನ್ನು ಯಾವ ಆ್ಯಪ್ ತಾನೇ ಮುಂಗಂಡು ಲೆಕ್ಕ ಹಾಕೀತು?

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ನಿಯಮದ ಪುಸ್ತಕ ಸ್ವಲ್ಪ ಗೊತ್ತು. ನಮ್ಮ ರಾತ್ರಿ ಡ್ಯೂಟಿ ಭತ್ಯೆಯ ನಿಯಮದಲ್ಲಿ 10ರಿಂದ 6ರವರೆಗಿನ ಪ್ರತಿ ಗಂಟೆಗೂ 10 ನಿಮಿಷದ ಹೆಚ್ಚುವರಿ ತೂಕವಿದೆ. ರಾತ್ರಿಯ ಗಂಟೆ ಭಾರವೆಂದು ಸರ್ಕಾರವೇ ಒಪ್ಪಿದಂತಾಯಿತು. ರೆಸಿಡೆಂಟ್ ವೈದ್ಯರ ಸತತ ಡ್ಯೂಟಿ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದು 1992ರಲ್ಲೇ ಆದೇಶವಾಗಿದೆ. ಅದು ಎಲ್ಲಿ ಹೇಗೆ ನಡೆಯುತ್ತಿದೆಯೆಂದು ನಿಮಗೆ ಪರಿಚಯದ ಎಳೆಯ ಡಾಕ್ಟರನ್ನೊಬ್ಬ ಕೇಳಿ ನೋಡಿ.

ಜನ ಸಾಲದು, ಏನು ಮಾಡೋಣ ಎಂಬುದು ಆಡಳಿತಗಳ ಮಾಮೂಲು ಉತ್ತರ. ಪಟ್ಟಿಯನ್ನು ಎರಡು ವಾರ ಮೊದಲೇ ಕೊಡಲು ಜನ ಬೇಕಿಲ್ಲ. ಪಾಳಿಯನ್ನು ಬೆಳಗು, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗಿಸಲು ಹಣ ಬೇಕಿಲ್ಲ. ಕತ್ತಲೆಯ ಒಂದು ಕೋಣೆ, ಎರಡು ಮಂಚಕ್ಕೆ ಹೆಚ್ಚೇನೂ ಬೇಕಿಲ್ಲ. ಬೇಕಿರುವುದು ಮನಸ್ಸು.

ಇನ್ನು ನಮ್ಮ ಸಮಾಜದ ಮಾತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದ ಹಿರಿಯರ ಊರಿದು. ಎಚ್ಚರವಿರುವುದನ್ನು ನಾವು ಮೆಚ್ಚಿದ್ದೇವೆ, ಮಲಗುವುದನ್ನು ಕ್ಷಮಿಸಿಲ್ಲ. ‘ಹನ್ನೊಂದಾದರೂ ಎದ್ದಿಲ್ಲವೇ ಸೊಸೆ?’ ಎನ್ನುವ ಬಾಯಿಗಳು ನಮ್ಮಲ್ಲೇ ಇವೆ. ಭಾನುವಾರ ಬೆಳಿಗ್ಗೆ ಮೈಕು ಹಚ್ಚುವ ಕಾರ್ಯಕರ್ತರಲ್ಲಿ ನಾವೂ ಒಬ್ಬರಾಗಿದ್ದೆವು. ತಪ್ಪೊಪ್ಪಿಕೊಳ್ಳುತ್ತೇವೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ವಿನಂತಿ. ನಿಮ್ಮ ಮಹಡಿಯಲ್ಲಿ ರಾತ್ರಿಪಾಳಿಯವರಿದ್ದರೆ ಹಗಲು ಕರೆಗಂಟೆ ಒತ್ತಬೇಡಿ. ಆಸ್ಪತ್ರೆಗಳ ಆಡಳಿತ ಮಂಡಳಿಯಲ್ಲಿ ನಮ್ಮವರಿದ್ದರೆ, ಆ್ಯಪ್ ಹಂಚುವ ಮೊದಲು ಪಾಳಿಯ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿ ನೋಡಲಿ. ಅಂಕ ಕೊಡುವುದಿದ್ದರೆ ಮೊದಲು ಆ ಪಟ್ಟಿಗೆ ಕೊಡೋಣ.