ತವರಿಲ್ಲದ ತಂಡ, ಕರಾರಿಲ್ಲದ ವ್ಯಾಪಾರ

2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಪ್ರೊ ಕಬಡ್ಡಿ ಲೀಗ್‌ನ ಅಂತಿಮ ಪಂದ್ಯದಲ್ಲಿ ಬೆಂಗಳೂರು ಬುಲ್ಸ್ ತಂಡವು ಗುಜರಾತ್ ತಂಡವನ್ನು 38–33 ಅಂಕಗಳಿಂದ ಪರಾಭವಗೊಳಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದುಕೊಂಡಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕಗಳನ್ನು ಗಳಿಸಿದ ಆ ರಾತ್ರಿಯನ್ನು ಕ್ರೀಡಾಪ್ರೇಮಿಗಳು ಮರೆತಿರಲಾರರು. ಆದರೆ ವ್ಯಾಪಾರಿಗಳಾದ ನಾವು ನೆನಪಿಡಬೇಕಾದ ಸಂಗತಿ ಬೇರೊಂದಿದೆ. ಬೆಂಗಳೂರಿನ ಹೆಸರು ಹೊತ್ತ ಆ ತಂಡವು ಅದೇ ಋತುವಿನ ತನ್ನ ತವರು ಪಂದ್ಯಗಳನ್ನು ಆಡಿದ್ದು ಪುಣೆಯಲ್ಲಿ. ಅದರ ಹಿಂದಿನ ವರ್ಷ, ಅಂದರೆ 2017ರಲ್ಲಿ, ಕಂಠೀರವ ಒಳಾಂಗಣ ಕ್ರೀಡಾಂಗಣವು ದೊರೆಯದೆ ನಾಗಪುರವನ್ನು ತವರೆಂದು ಕರೆದುಕೊಳ್ಳಬೇಕಾಯಿತು. ಆ ವರ್ಷ ತಂಡವು ಪ್ಲೇಆಫ್ ಹಂತವನ್ನೂ ತಲುಪಲಿಲ್ಲ. ಸೋತ ವರ್ಷವೂ ತವರಿಲ್ಲ, ಗೆದ್ದ ವರ್ಷವೂ ತವರಿಲ್ಲ.

ಕ್ರೀಡೆಯ ವಿಷಯಕ್ಕೆ ವಾಣಿಜ್ಯ ಪತ್ರಿಕೆಯ ಪುಟಗಳೇಕೆ ಎಂದು ಕೆಲವು ಸದಸ್ಯ ಮಿತ್ರರು ಕೇಳಬಹುದು. ವೃತ್ತಿಪರ ತಂಡವೆಂಬುದು ಇಂದು ಒಂದು ಉದ್ದಿಮೆ. ಅದಕ್ಕೆ ಬಾವುಟ ಹೊಲಿಯುವವರು, ಅಂಗಿ ಮುದ್ರಿಸುವವರು, ಫ್ಲೆಕ್ಸ್ ಕಟ್ಟುವವರು, ಊಟ ಸರಬರಾಜು ಮಾಡುವವರು, ಜನರೇಟರ್ ಬಾಡಿಗೆಗೆ ಕೊಡುವವರು ಎಲ್ಲರೂ ಬೇಕು. ಇವರಲ್ಲಿ ಬಹುಪಾಲು ಮಂದಿ ನಮ್ಮಂಥ ಸಣ್ಣವರೇ. ಅಂಥ ಉದ್ದಿಮೆಯೊಂದು ಊರು ಬಿಟ್ಟಾಗ ಯಾರಿಗೆ ಎಷ್ಟು ಪೆಟ್ಟು ಬೀಳುತ್ತದೆ, ಅದನ್ನು ತಡೆಯಲು ಊರು ಎಷ್ಟು ಬೆಲೆ ತೆರಬಹುದು ಎಂಬುದು ಶುದ್ಧ ವಾಣಿಜ್ಯದ ಪ್ರಶ್ನೆ.

ಮಾರಾಟವಾಗದ ಬಾವುಟಗಳು

ಇಲ್ಲಿ ನನ್ನದೇ ಒಂದು ಅನುಭವವನ್ನು ಹೇಳುವುದು ಅನಿವಾರ್ಯ. ಸಿ.ವಿ. ರಾಮನ್ ನಗರದ ನಾಗವಾರಪಾಳ್ಯದಲ್ಲಿ ನನ್ನದೊಂದು ಚಿಕ್ಕ ಸ್ಕ್ರೀನ್ ಪ್ರಿಂಟಿಂಗ್ ಘಟಕವಿದೆ. 2016ರಲ್ಲಿ ಕಂಠೀರವದಲ್ಲಿ ಕಬಡ್ಡಿ ಪಂದ್ಯಗಳು ನಡೆದಾಗ, ಊರಿನ ಹೆಸರನ್ನಷ್ಟೇ ಮುದ್ರಿಸಿದ ಕೆಂಪು ಬಟ್ಟೆಯ ಕೈಬಾವುಟಗಳು ಚೆನ್ನಾಗಿ ಖರ್ಚಾದವು. ಗೇಟಿನ ಹೊರಗೆ ಮಾರುವ ಹುಡುಗರು ಮುಂಗಡ ಹಣ ಕೊಟ್ಟು ಒಯ್ದರು. ಆ ಧೈರ್ಯದ ಮೇಲೆ ಮರುವರ್ಷ ಮೂರು ಸಾವಿರ ಬಾವುಟಗಳನ್ನು ಮೊದಲೇ ಸಿದ್ಧಪಡಿಸಿದೆ. ತವರು ಪಂದ್ಯಗಳು ನಾಗಪುರದಲ್ಲಿ ಎಂಬುದು ನನಗೆ ತಿಳಿದದ್ದು ವೇಳಾಪಟ್ಟಿಯನ್ನು ಪತ್ರಿಕೆಯಲ್ಲಿ ಓದಿದಾಗ.

ಯಾರನ್ನೂ ದೂರುವಂತಿರಲಿಲ್ಲ. ನನಗೆ ಯಾರೂ ಆರ್ಡರ್ ಕೊಟ್ಟಿರಲಿಲ್ಲ, ಯಾರೂ ಮಾತು ಕೊಟ್ಟಿರಲಿಲ್ಲ. ಹಿಂದಿನ ವರ್ಷ ನಡೆದದ್ದು ಈ ವರ್ಷವೂ ನಡೆಯುತ್ತದೆ ಎಂಬ ಊಹೆಯನ್ನೇ ಕರಾರೆಂದು ತಿಳಿದದ್ದು ನನ್ನ ತಪ್ಪು. ಕೆಲವು ಬಾವುಟಗಳು ಶಾಲೆಗಳ ಕ್ರೀಡಾದಿನಕ್ಕೆ ಅಸಲಿಗಿಂತ ಕಡಿಮೆ ಬೆಲೆಗೆ ಹೋದವು. ಉಳಿದವು ಎರಡು ವರ್ಷ ಅಟ್ಟದ ಮೇಲಿದ್ದು, ಕೊನೆಗೆ ಇಂಕು ಒರೆಸುವ ಬಟ್ಟೆಯಾದವು. ನಷ್ಟದ ಮೊತ್ತ ದೊಡ್ಡದಲ್ಲ. ಆದರೆ ತಂಡ ಎಲ್ಲಿ ಆಡುತ್ತದೆ ಎಂಬುದನ್ನು ನಿರ್ಧರಿಸುವವರು ಯಾರು, ಯಾವ ಆಧಾರದ ಮೇಲೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಸಿಯಾಟಲ್ ಕಲಿಸಿದ ಪಾಠ

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆಯುವುದು ಅಮೆರಿಕದ ಸಿಯಾಟಲ್ ನಗರದ ಬ್ಯಾಸ್ಕೆಟ್‌ಬಾಲ್ ತಂಡದ ಕಥೆಯಲ್ಲಿ. ಸೂಪರ್‌ಸಾನಿಕ್ಸ್ ಎಂಬ ಆ ತಂಡ 1967ರಲ್ಲಿ ಆರಂಭವಾಗಿ, 1979ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತ್ತು. 2006ರಲ್ಲಿ ಸ್ಟಾರ್‌ಬಕ್ಸ್ ಕಾಫಿ ಸಂಸ್ಥೆಯ ಹೊವಾರ್ಡ್ ಶುಲ್ಟ್ಸ್ ಮತ್ತು ಅವರ ಪಾಲುದಾರರು ತಂಡವನ್ನು 35 ಕೋಟಿ ಡಾಲರಿಗೆ ಓಕ್ಲಹೋಮ ನಗರದ ಕ್ಲೇ ಬೆನೆಟ್ ನೇತೃತ್ವದ ಗುಂಪಿಗೆ ಮಾರಿದರು. ಹೊಸ ಮಾಲೀಕರು ಸುಮಾರು 50 ಕೋಟಿ ಡಾಲರ್ ವೆಚ್ಚದ, ಬಹುಪಾಲು ಸಾರ್ವಜನಿಕ ಹಣದಿಂದ ಕಟ್ಟುವ ಹೊಸ ಕ್ರೀಡಾಂಗಣವನ್ನು ಕೇಳಿದರು. ರಾಜ್ಯದ ಶಾಸನಸಭೆ ಒಪ್ಪಲಿಲ್ಲ. ಅದಕ್ಕೂ ಮುನ್ನ 2006ರ ನವೆಂಬರಿನಲ್ಲಿ ಸಿಯಾಟಲ್‌ನ ಮತದಾರರು, ವೃತ್ತಿಪರ ಕ್ರೀಡೆಗೆ ನಗರವು ಹಣ ಹೂಡುವುದಾದರೆ ಸರ್ಕಾರಿ ಸಾಲಪತ್ರದಷ್ಟಾದರೂ ಪ್ರತಿಫಲ ಬರಲೇಬೇಕೆಂಬ ನಿಯಮವನ್ನು ಭಾರೀ ಬಹುಮತದಿಂದ ಅಂಗೀಕರಿಸಿದ್ದರು.

ನಂತರದ ಋತು 2007–08. ಅನುಭವಿ ಆಟಗಾರರಾದ ರೇ ಅಲೆನ್ ಮತ್ತು ರಶಾರ್ಡ್ ಲೂಯಿಸ್ ಬೇರೆ ತಂಡಗಳಿಗೆ ಹೋದರು. ಹೊಸದಾಗಿ ಬಂದ ಕೆವಿನ್ ಡುರಾಂಟ್ ವರ್ಷದ ಶ್ರೇಷ್ಠ ನವ ಆಟಗಾರನೆಂಬ ಗೌರವ ಪಡೆದರೂ ತಂಡವು 82 ಪಂದ್ಯಗಳಲ್ಲಿ ಗೆದ್ದದ್ದು 20, ಸೋತದ್ದು 62. ಅದು ಆ ತಂಡದ ಇತಿಹಾಸದಲ್ಲೇ ಅತಿ ಕೆಟ್ಟ ಸಾಧನೆ. ಜನರು ಕ್ರಮೇಣ ಬರುವುದನ್ನು ಕಡಿಮೆ ಮಾಡಿದರು. ಜನ ಬರುತ್ತಿಲ್ಲವೆಂಬುದೇ ಊರು ಬಿಡಲು ಮತ್ತೊಂದು ಕಾರಣವಾಯಿತು. 2008ರ ಏಪ್ರಿಲ್ 18ರಂದು ಲೀಗ್‌ನ ಮಾಲೀಕರು 28–2 ಮತಗಳಿಂದ ಸ್ಥಳಾಂತರಕ್ಕೆ ಒಪ್ಪಿಗೆ ನೀಡಿದರು.

ಆದರೆ ಸಿಯಾಟಲ್ ನಗರದ ಕೈಯಲ್ಲಿ ಒಂದು ಕಾಗದವಿತ್ತು. ನಗರಕ್ಕೆ ಸೇರಿದ ಕೀ ಅರೀನಾ ಕ್ರೀಡಾಂಗಣದ ಗುತ್ತಿಗೆಯ ಅವಧಿ 2010ರವರೆಗಿತ್ತು. ನಗರಾಡಳಿತ ನ್ಯಾಯಾಲಯಕ್ಕೆ ಹೋಯಿತು. 2008ರ ಜುಲೈ 2ರಂದು ಆದ ರಾಜಿಯ ಪ್ರಕಾರ ತಂಡದ ಮಾಲೀಕರು ನಗರಕ್ಕೆ 4.5 ಕೋಟಿ ಡಾಲರ್ ತೆತ್ತರು. ತಂಡದ ಹೆಸರು ಮತ್ತು ಬಣ್ಣಗಳನ್ನು ಸಿಯಾಟಲ್‌ನಲ್ಲಿಯೇ ಬಿಟ್ಟುಹೋದರು. ತಂಡ ಹೋಯಿತು, ಆದರೆ ಬರಿಗೈಯಲ್ಲಿ ಹೋಗಲು ಕರಾರು ಬಿಡಲಿಲ್ಲ.

ಇನ್ನೊಂದು ಬದಿಯನ್ನೂ ನೋಡೋಣ. ಓಕ್ಲಹೋಮ ನಗರದ ಜನರು 2008ರ ಮಾರ್ಚಿನಲ್ಲಿ ತಮ್ಮ ಕ್ರೀಡಾಂಗಣದ ನವೀಕರಣಕ್ಕೆಂದು ಹದಿನೈದು ತಿಂಗಳ ಕಾಲ ಡಾಲರಿಗೆ ಒಂದು ಸೆಂಟಿನಂತೆ ಮಾರಾಟ ತೆರಿಗೆಯನ್ನು ಒಪ್ಪಿಕೊಂಡರು. ತಂಡ ಬಂತು, ಬೆಳೆಯಿತು, 2025ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಅದಕ್ಕೂ ಮುನ್ನ, 2023ರ ಡಿಸೆಂಬರಿನಲ್ಲಿ, ಕನಿಷ್ಠ 90 ಕೋಟಿ ಡಾಲರ್ ವೆಚ್ಚದ ಮತ್ತೊಂದು ಹೊಸ ಕ್ರೀಡಾಂಗಣಕ್ಕೆ ಅದೇ ಬಗೆಯ ತೆರಿಗೆಯನ್ನು ಅವರು ಪುನಃ ಒಪ್ಪಿಕೊಳ್ಳಬೇಕಾಯಿತು. ಇತ್ತ ಸಿಯಾಟಲ್‌ನ ಹಳೆಯ ಕ್ರೀಡಾಂಗಣವು ನೂರು ಕೋಟಿ ಡಾಲರಿಗೂ ಹೆಚ್ಚಿನ ಖಾಸಗಿ ಬಂಡವಾಳದಿಂದ ಪುನರ್ನಿರ್ಮಾಣಗೊಂಡು 2021ರಲ್ಲಿ ತೆರೆಯಿತು. ತಂಡವನ್ನು ಪಡೆದ ಊರೇ ಲಾಭ ಮಾಡಿತು, ಕಳೆದುಕೊಂಡ ಊರೇ ಮುಳುಗಿತು ಎಂದು ಸರಳವಾಗಿ ಹೇಳುವಂತಿಲ್ಲ. ರೋಜರ್ ನೋಲ್ ಮತ್ತು ಆಂಡ್ರ್ಯೂ ಜಿಂಬಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞರು 1997ರಲ್ಲಿಯೇ ತೋರಿಸಿಕೊಟ್ಟಂತೆ, ಕ್ರೀಡಾಂಗಣದಲ್ಲಿ ಖರ್ಚಾಗುವ ಹಣದ ಹೆಚ್ಚಿನ ಭಾಗ ಅದೇ ಊರಿನ ಸಿನಿಮಾ ಮಂದಿರ, ಹೋಟೆಲುಗಳಲ್ಲಿ ಖರ್ಚಾಗಬೇಕಾಗಿದ್ದ ಹಣವೇ ಆಗಿರುತ್ತದೆ.

ನಮ್ಮ ಊರಿನ ಲೆಕ್ಕ

ಈಗ ಬೆಂಗಳೂರಿಗೆ ಬರೋಣ. ಬುಲ್ಸ್ ತಂಡ 2019ರಲ್ಲಿ ಕಂಠೀರವಕ್ಕೆ ಮರಳಿತು. 2021ರ ಡಿಸೆಂಬರಿನಿಂದ 2022ರ ಫೆಬ್ರವರಿಯವರೆಗೆ ಸಾಂಕ್ರಾಮಿಕದ ಕಾರಣ ಇಡೀ ಲೀಗ್ ವೈಟ್‌ಫೀಲ್ಡಿನ ಒಂದೇ ಹೋಟೆಲಿನಲ್ಲಿ ಪ್ರೇಕ್ಷಕರಿಲ್ಲದೆ ನಡೆಯಿತು. ನಮ್ಮ ಪೂರ್ವ ಬೆಂಗಳೂರಿನಲ್ಲಿಯೇ ಅಷ್ಟೂ ಪಂದ್ಯಗಳು ನಡೆದರೂ ಬಾವುಟ ಮಾರುವವನಿಗೆ ಅದರಿಂದ ಒಂದು ಪೈಸೆ ಬರಲಿಲ್ಲ. 2022 ಮತ್ತು 2023ರಲ್ಲಿ ಮತ್ತೆ ಕಂಠೀರವದಲ್ಲಿ ಪಂದ್ಯಗಳಾದವು. 2024ರಲ್ಲಿ ಸಂಘಟಕರು ಹೈದರಾಬಾದ್, ನೋಯ್ಡಾ, ಪುಣೆ ಎಂಬ ಮೂರೇ ಊರುಗಳನ್ನು ಆರಿಸಿಕೊಂಡರು. ಆ ಋತುವಿನಲ್ಲಿ ಬುಲ್ಸ್ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಹನ್ನೆರಡು ತಂಡಗಳ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತಿತು. 2025ರಲ್ಲಿ ಕನ್ನಡಿಗರಾದ ಬಿ.ಸಿ. ರಮೇಶ್ ಅವರ ತರಬೇತಿಯಲ್ಲಿ ತಂಡ ಚೇತರಿಸಿಕೊಂಡು ಪ್ಲೇಆಫ್ ತಲುಪಿತು. ಆದರೂ ಆ ವರ್ಷದ ಪಂದ್ಯಗಳು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ ನಡೆದವು.

ಈ ಲೆಕ್ಕವನ್ನು ಸಾಲಾಗಿ ಬರೆದು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ತಂಡದ ಸೋಲು-ಗೆಲುವಿಗೂ ಅದು ಯಾವ ಊರಿನಲ್ಲಿ ಆಡುತ್ತದೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಸಿಯಾಟಲ್‌ನಲ್ಲಿ 62 ಸೋಲುಗಳಿಗಿಂತ ಮೊದಲೇ ಮಾಲೀಕತ್ವ ಕೈಬದಲಾಗಿತ್ತು. ಬೆಂಗಳೂರಿನಲ್ಲಿ ಚಾಂಪಿಯನ್ ತಂಡಕ್ಕೂ ಅಂಗಣ ಸಿಗಲಿಲ್ಲ. ಊರಿನೊಂದಿಗೆ ತಂಡವನ್ನು ಕಟ್ಟಿಹಾಕುವುದು ಅಂಗಣದ ಲಭ್ಯತೆ ಮತ್ತು ಕರಾರು. ಸಿಯಾಟಲ್‌ನ ಬಳಿ ಕರಾರಿತ್ತು, ಆದ್ದರಿಂದ ಪರಿಹಾರ ದೊರೆಯಿತು. ಅಂಥ ಪರಿಹಾರವೇನೂ ನಮ್ಮ ಪಾಲಿಗೆ ಬರಲಿಲ್ಲ.

ಇನ್ನೂ ಒಂದು ಮಾತು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಪ್ರಾಣ ಕಳೆದುಕೊಂಡರು. ಅದರ ಬೆನ್ನಲ್ಲೇ ಆ ವರ್ಷದ ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು ಬೇರೆ ಊರುಗಳಿಗೆ ಹೋದವು. ಇಲ್ಲಿ ವ್ಯಾಪಾರದ ನಷ್ಟವನ್ನು ಮುಂದಿಡುವುದು ಸಲ್ಲದು. ಜನರ ಪ್ರಾಣಕ್ಕೆ ಭದ್ರತೆಯಿಲ್ಲದ ಅಂಗಣದಲ್ಲಿ ವ್ಯಾಪಾರವನ್ನು ಕೇಳುವ ಹಕ್ಕು ನಮಗಿಲ್ಲ. ಸುರಕ್ಷಿತ ವ್ಯವಸ್ಥೆಯೇ ಮೊದಲ ಬಂಡವಾಳ.

ಎನ್‌ಜಿಇಎಫ್ ನೆನಪು

ನಮ್ಮ ಭಾಗದ ಹಿರಿಯ ಉದ್ಯಮಿಗಳಿಗೆ ಈ ಕಥೆ ಹೊಸದಲ್ಲ. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಜರ್ಮನಿಯ ಎಇಜಿ ಸಂಸ್ಥೆಯ ಸಹಯೋಗದಲ್ಲಿ 1956ರಲ್ಲಿ ಸ್ಥಾಪನೆಗೊಂಡು, ಮೋಟಾರು ಮತ್ತು ಟ್ರಾನ್ಸ್‌ಫಾರ್ಮರುಗಳಿಗೆ ದೇಶದಾದ್ಯಂತ ಹೆಸರಾಗಿತ್ತು. ವರ್ಷಗಟ್ಟಲೆ ನಷ್ಟದ ಪಟ್ಟಿಯಲ್ಲಿದ್ದು 2000ರ ದಶಕದ ಆರಂಭದಲ್ಲಿ ಅದು ಬಾಗಿಲು ಮುಚ್ಚಿತು. ಅದೊಂದನ್ನೇ ನಂಬಿ ಬಿಡಿಭಾಗ ಮಾಡಿಕೊಡುತ್ತಿದ್ದ ಸಣ್ಣ ಘಟಕಗಳು ಅದರೊಂದಿಗೇ ನಿಂತವು. ಬೇರೆ ಗಿರಾಕಿಗಳನ್ನೂ ಹುಡುಕಿಕೊಂಡಿದ್ದವರು ಉಳಿದರು. ಕಾರ್ಖಾನೆಯಾಗಲಿ, ತಂಡವಾಗಲಿ, ದೊಡ್ಡ ಗಿರಾಕಿಯ ಸೋಲಿನ ಋತುವಿನಲ್ಲಿಯೇ ಸಣ್ಣವನು ಎಚ್ಚೆತ್ತುಕೊಳ್ಳಬೇಕು. ಊರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬರುವ ಹೊತ್ತಿಗೆ ಕಾಲ ಮೀರಿರುತ್ತದೆ.

ನಾವು ಕೇಳಬೇಕಾದದ್ದು

ಕಗ್ಗದಾಸಪುರದ ರೈಲ್ವೆ ಗೇಟಿನಲ್ಲಿ ಸರಕಿನ ಗಾಡಿ ನಿಲ್ಲಿಸಿಕೊಂಡು ಗಂಟೆಗಟ್ಟಲೆ ಕಾದು ಬೇಸತ್ತ ಮಿತ್ರರೊಬ್ಬರು, ರಸ್ತೆಗೆ ಹಣವಿಲ್ಲದಿರುವಾಗ ಕಬಡ್ಡಿಗೆ ಏಕೆ ಎಂದು ನನ್ನನ್ನು ಕೇಳಿದರು. ಅವರ ಮಾತು ಸರಿಯಾದದ್ದೇ. ಆದ್ದರಿಂದಲೇ ನಾನು ಸರ್ಕಾರದಿಂದ ಹಣ ಕೇಳುವುದಿಲ್ಲ. ಹಣ ಬೇಡದ ಮೂರು ಕ್ರಮಗಳನ್ನು ನಮ್ಮ ಮಂಡಳಿಯು ಕೇಳಬೇಕೆಂಬುದು ನನ್ನ ವಿನಂತಿ.

ಮೊದಲನೆಯದು, ಕಂಠೀರವ ಒಳಾಂಗಣ ಕ್ರೀಡಾಂಗಣದ ವಾರ್ಷಿಕ ದಿನಸೂಚಿಯನ್ನು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಒಂದು ವರ್ಷ ಮುಂಚಿತವಾಗಿ ಪ್ರಕಟಿಸಬೇಕು. ಶಾಲಾ-ಕಾಲೇಜು ಹಾಗೂ ರಾಜ್ಯಮಟ್ಟದ ಕ್ರೀಡೆಗಳಿಗೆ ಮೊದಲ ಆದ್ಯತೆಯಿರಲಿ. ಉಳಿದ ದಿನಗಳಲ್ಲಿ ವೃತ್ತಿಪರ ತಂಡಗಳಿಗೆ ಇಷ್ಟು ದಿನವೆಂದು ನಿಗದಿಯಾಗಲಿ. ದಿನಾಂಕ ಖಚಿತವಾದರೆ ಸಂಘಟಕರೂ ಈ ಊರನ್ನು ಆರಿಸಿಕೊಳ್ಳುವ ಸಂಭವ ಹೆಚ್ಚು, ನಾವೂ ಸರಕು ಸಿದ್ಧಪಡಿಸಬಹುದು.

ಎರಡನೆಯದು, ಬಾಡಿಗೆಯಲ್ಲಾಗಲಿ ಇನ್ನಾವುದರಲ್ಲಾಗಲಿ ಸಾರ್ವಜನಿಕ ರಿಯಾಯಿತಿ ಪಡೆಯುವ ಯಾವುದೇ ತಂಡವು, ಇಷ್ಟು ವರ್ಷ, ವರ್ಷಕ್ಕೆ ಇಷ್ಟು ತವರು ಪಂದ್ಯ ಎಂದು ಲಿಖಿತ ಕರಾರು ಮಾಡಿಕೊಳ್ಳಬೇಕು. ಮುರಿದರೆ ತೆರಬೇಕಾದ ಮೊತ್ತವೂ ಅದರಲ್ಲಿಯೇ ಇರಲಿ. ಇದಕ್ಕೆ ಒಪ್ಪದ ತಂಡ ಪೂರ್ಣ ಬಾಡಿಗೆ ಕೊಟ್ಟು ಆಡಲಿ.

ಮೂರನೆಯದು, ಪಂದ್ಯದ ದಿನಗಳಲ್ಲಿ ಅಂಗಣದ ಒಳಗೂ ಹೊರಗೂ ಒಂದಷ್ಟು ಮಳಿಗೆಗಳನ್ನು ಸ್ಥಳೀಯ ಸಣ್ಣ ತಯಾರಕರಿಗೆ ಮೀಸಲಿಟ್ಟು, ಅಂಗಿ-ಬಾವುಟಗಳ ಮುದ್ರಣದ ಅಧಿಕೃತ ಪರವಾನಗಿಯನ್ನು ಸಣ್ಣ ಘಟಕಗಳೂ ಪಡೆಯುವಂತೆ ಬಹಿರಂಗ ಟೆಂಡರಿನ ಮೂಲಕ ಕೊಡಬೇಕು. ಊರಿನ ಹೆಸರಿನಿಂದ ಬರುವ ವ್ಯಾಪಾರದಲ್ಲಿ ಊರಿನವರಿಗೂ ಪಾಲಿರಬೇಕು.

ಸದಸ್ಯ ಬಾಂಧವರಿಗೆ ನನ್ನ ಮಾತು ಇಷ್ಟೇ. ತಂಡ ಗೆದ್ದರೆ ಸಂಭ್ರಮಿಸೋಣ, ಸೋತರೆ ಬೇಸರಿಸೋಣ. ಆದರೆ ಸರಕನ್ನು ಸಿದ್ಧಪಡಿಸುವಾಗ ಅಭಿಮಾನವನ್ನು ಬದಿಗಿಟ್ಟು, ಮುಂಗಡ ಬಂದಿದೆಯೇ, ಲಿಖಿತ ಆರ್ಡರ್ ಇದೆಯೇ ಎಂದು ನೋಡೋಣ. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ. ಬೆಂಗಳೂರಿನಲ್ಲಿ ಮತ್ತೆ ಕಬಡ್ಡಿ ಪಂದ್ಯಗಳು ನಿಗದಿಯಾದರೆ ಕೆಂಪು ಬಟ್ಟೆಯನ್ನು ಒಂದೇ ದಿನದಲ್ಲಿ ತರಿಸಬಲ್ಲೆ. ಆದರೆ ದಿನಾಂಕ ಕೈಗೆ ಬರುವವರೆಗೆ ಒಂದು ಬಾವುಟವನ್ನೂ ಮುದ್ರಿಸುವುದಿಲ್ಲ.