ರುಜುವಾತಿನ ಹೊರೆ ಯಾರ ತಲೆಯ ಮೇಲೆ?



ಕ್ರಿಸ್ತಜಯಂತಿ ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಕುಸ್ವಾರ್ ತಯಾರಿಯ ಸಡಗರ ತೊಡಗುತ್ತದೆ. ನೆವ್ರಿಗಾಗಲಿ ಕೇಕಿಗಾಗಲಿ ಗೋಡಂಬಿ ಇಲ್ಲದೆ ನಡೆಯದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದ ಗೇರುಮರ ಈ ಕರಾವಳಿಯ ಗುಡ್ಡಗಳನ್ನೇ ತನ್ನದಾಗಿಸಿಕೊಂಡಿತು. ಮಂಗಳೂರಿನ ಗೇರುಬೀಜ ಕಾರ್ಖಾನೆಗಳಲ್ಲಿ ನಮ್ಮ ಧರ್ಮಕೇಂದ್ರಗಳ ಎಷ್ಟೋ ಮಂದಿ ತಾಯಂದಿರು ಬೀಜ ಒಡೆದು, ಸಿಪ್ಪೆ ಸುಲಿದು, ಬೆರಳುಗಳನ್ನು ಕಪ್ಪಾಗಿಸಿಕೊಂಡು ಮಕ್ಕಳನ್ನು ಓದಿಸಿದರು. ಗೇರಿನ ಋಣ ನಮ್ಮ ಮೇಲಿದೆ ಎಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಆದರೆ ಆ ಋಣದ ಲೆಕ್ಕದ ಪುಸ್ತಕದಲ್ಲಿ ನಾವು ಮಗುಚಿ ನೋಡದ ಒಂದು ಪುಟವಿದೆ.

ನಾವು ಕುಸ್ವಾರ್ ಮಾಡುವ ಕಾಲವೇ ಗೇರುಮರ ಚಿಗುರಿ ಹೂ ಬಿಡುವ ಕಾಲ. ಅದೇ ಹೊತ್ತಿಗೆ ಚಹಾ ಸೊಳ್ಳೆ ಎಂಬ ಸಣ್ಣ ಕೀಟ ಎಳೆಯ ಚಿಗುರಿನ ರಸ ಹೀರಿ ಅದನ್ನು ಒಣಗಿಸಿಬಿಡುತ್ತದೆ. ಈ ಕೀಟವನ್ನು ಕೊಲ್ಲಲೆಂದು 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ, ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಸುರಿಸಿದ್ದು ಕೇರಳ ಸರಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಷನ್. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸುತ್ತಮುತ್ತ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಇದನ್ನೇ ಮಾಡಿತು. ಹೆಲಿಕಾಪ್ಟರ್ ಬಂದಾಗ ಅಂಗಳಕ್ಕೆ ಓಡಿ ಕೈಬೀಸಿದ ಮಕ್ಕಳಿಗೆ ಅದೊಂದು ಜಾತ್ರೆಯಾಗಿತ್ತು.

ಎಣ್ಮಕಜೆ ಪಂಚಾಯತಿನಲ್ಲಿ ಸ್ವರ್ಗ ಎಂಬ ಹೆಸರಿನ ಊರಿದೆ. ಅದು ಕನ್ನಡ, ತುಳು ಆಡುವ ಜನರಿರುವ ಗಡಿನಾಡು. ಅಲ್ಲಿ ನೀರು ಬರುವುದು ಗುಡ್ಡದ ಹೊಟ್ಟೆಯೊಳಗೆ ಕೊರೆದ ಸುರಂಗಗಳಿಂದ, ತೆರೆದ ತೋಡುಗಳಿಂದ. ಗುಡ್ಡದ ತಲೆಯ ಮೇಲೆ ಗೇರುತೋಟ, ಬುಡದಲ್ಲಿ ಮನೆ. ತಲೆಯ ಮೇಲೆ ಬಿದ್ದದ್ದು ಬುಡಕ್ಕೆ ಇಳಿಯದಿರುತ್ತದೆಯೇ? 1971ರ ಕೀಟನಾಶಕ ನಿಯಮಗಳು ವಾಯುಸಿಂಪಡಣೆಗೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ-ಜಾನುವಾರು ಆ ಪ್ರದೇಶವನ್ನು ಹೊಗದಂತೆ ನೋಡಿಕೊಳ್ಳಬೇಕು ಎನ್ನುತ್ತವೆ. ಮನೆಯೇ ಆ ಪ್ರದೇಶದೊಳಗಿದ್ದರೆ ಮನೆಯವರು ಎಲ್ಲಿಗೆ ಹೋಗಬೇಕು? ಹರಿಯುವ ತೋಡಿಗೆ ಯಾವ ಮುಚ್ಚಳ ಹಾಕಬೇಕು? ಆ ನಿಯಮ ಬರೆದವರು ಪಂಜಾಬಿನ ಬಯಲನ್ನು ಕಂಡಿದ್ದಿರಬಹುದು. ಪಡ್ರೆಯ ಕಣಿವೆಯನ್ನಂತೂ ಕಂಡವರಲ್ಲ.

1979ರಷ್ಟು ಹಿಂದೆಯೇ ಈ ಊರಿನಲ್ಲಿ ಕೈಕಾಲು ಸೊಟ್ಟಗಾದ ಕರುಗಳು ಹುಟ್ಟಿದುದನ್ನು ಪತ್ರಕರ್ತ ಶ್ರೀ ಪಡ್ರೆ ಬರೆದರು. ಕರುಗಳ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. 1990ರ ದಶಕದಲ್ಲಿ ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕ ಇಟ್ಟರು. ಅಷ್ಟು ಚಿಕ್ಕ ಊರಿನಲ್ಲಿ ಬುದ್ಧಿಮಾಂದ್ಯ ಮಕ್ಕಳು, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಇಷ್ಟೊಂದು ಏಕೆ ಎಂದು ವೈದ್ಯಕೀಯ ಪತ್ರಿಕೆಗೆ ಬರೆದು ಕೇಳಿದರು. ಕೃಷಿ ಇಲಾಖೆಯ ನೌಕರಿಯಲ್ಲೇ ಇದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆಯಾಜ್ಞೆ ತಂದರು. ಒಬ್ಬ ಪತ್ರಕರ್ತ, ಒಬ್ಬ ಹಳ್ಳಿವೈದ್ಯ, ಒಬ್ಬ ಮಹಿಳಾ ನೌಕರೆ. ದೊಡ್ಡ ದೊಡ್ಡ ಪ್ರಯೋಗಾಲಯಗಳು ಬಂದುದು ಇವರೆಲ್ಲರ ನಂತರ. ಅಷ್ಟರಲ್ಲಿ ಮನೆಗಳೊಳಗೆ ಏನು ನಡೆದಿತ್ತು? ನಾಗದೋಷವೆಂದು ತಂಬಿಲ ಕೊಟ್ಟವರಿದ್ದರು, ದೈವದ ಮುನಿಸೆಂದು ಹರಕೆ ಹೊತ್ತವರಿದ್ದರು. ನಮ್ಮವರೇನೂ ಕಡಮೆಯಲ್ಲ, ತಂದೆತಾಯಿಯ ಪಾಪಕ್ಕೆ ಶಿಕ್ಷೆ ಎಂದು ಪಿಸುಗುಟ್ಟುವ ನಾಲಿಗೆಗಳು ನಮ್ಮ ಬೆಂಚುಗಳ ಮೇಲೂ ಕುಳಿತಿರುತ್ತವೆ.

ಎಂಡೋಸಲ್ಫಾನ್ ಡಿಡಿಟಿಯ ಬಳಗದ ವಿಷ, ಕ್ಲೋರಿನ್ ಬೆರೆತ ಕೀಟನಾಶಕ. ಕೀಟದ ನರಗಳನ್ನು ಅದು ಹೇಗೆ ಕೆರಳಿಸಿ ಕೊಲ್ಲುತ್ತದೆಯೋ ಹಾಗೆಯೇ ಮನುಷ್ಯನ ಮಿದುಳಿನ ನರಗಳನ್ನೂ ಕೆರಳಿಸುತ್ತದೆ. ಮೈಯೊಳಗೆ ಹೆಚ್ಚಾಗಿ ಹೋದವರಿಗೆ ಸೆಳವು ಬರುವುದು ಅದಕ್ಕೇ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ. ಮೂಲದಷ್ಟೇ ವಿಷವುಳ್ಳ ಈ ಸಂತಾನ ಮೂಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಗಾಳಿಯನ್ನೇರಿ ಅದು ಹೋಗುವ ದೂರಕ್ಕೆ ಮಿತಿಯಿಲ್ಲ. ಒಂದೂ ಗೇರುಮರವಿಲ್ಲದ ಉತ್ತರಧ್ರುವದ ಹಿಮದಲ್ಲೂ ಅದು ಸಿಕ್ಕಿದೆ.

ಇಲ್ಲಿ ನಾನು ಪ್ರಾಮಾಣಿಕನಾಗಿರಬೇಕು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ ಸೀಮೆಯ 117 ಶಾಲಾ ಹುಡುಗರನ್ನೂ ಸಿಂಪಡಣೆಯಾಗದ ಊರಿನ 90 ಹುಡುಗರನ್ನೂ ಹೋಲಿಸಿ ನೋಡಿ, ವರದಿಯನ್ನು 2003ರಲ್ಲಿ ಪ್ರಕಟಿಸಿತು. ಸಿಂಪಡಣೆಯ ಊರಿನ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಎದ್ದು ಕಾಣುವಷ್ಟು ಹೆಚ್ಚಿತ್ತು, ಪ್ರಾಯಕ್ಕೆ ಬರುವುದು ತಡವಾಗಿತ್ತು. ಜನ್ಮಜಾತ ನ್ಯೂನತೆಗಳೂ ಅವರಲ್ಲಿ ಹೆಚ್ಚು ಕಂಡವು. ಆದರೆ ಸಂಖ್ಯಾಶಾಸ್ತ್ರದ ತಕ್ಕಡಿಯಲ್ಲಿ ಅದನ್ನು ಖಚಿತವೆನ್ನಲು ಮಕ್ಕಳ ಸಂಖ್ಯೆ ಸಾಲದು. ಕೇಂದ್ರ ಸರಕಾರದ ಕಡೆಯಿಂದ ಬಂದ ದುಬೆ ಸಮಿತಿ, ಮಾಯಿ ಸಮಿತಿಗಳು ಕಾಯಿಲೆಗಳಿಗೂ ಕೀಟನಾಶಕಕ್ಕೂ ಸಂಬಂಧ ಸಾಬೀತಾಗಿಲ್ಲ ಎಂದವು. ಆ ಊರಿನ ಪ್ರತಿಯೊಂದು ಕಾಯಿಲೆಗೂ ಎಂಡೋಸಲ್ಫಾನೇ ಕಾರಣವೆಂದು ನಾನೂ ಹೇಳಲಾರೆ. ಹಾಗೆ ಹೇಳುವವರು ಸಂತ್ರಸ್ತರ ವಾದವನ್ನೇ ದುರ್ಬಲಗೊಳಿಸುತ್ತಾರೆ.

ಆದರೆ 'ಸಾಬೀತಾಗಿಲ್ಲ' ಎಂಬ ಈ ಮಾತನ್ನು ಸ್ವಲ್ಪ ಹತ್ತಿರದಿಂದ ನೋಡಿರಿ. ಸಾಬೀತು ಮಾಡಬೇಕಾದವರು ಯಾರು? ಇಪ್ಪತ್ತು ವರ್ಷ ಜನವಸತಿಯ ಮೇಲೆ ವಿಷ ಸುರಿಸಿದವರು ಅದು ನಿರಪಾಯಕಾರಿ ಎಂದು ರುಜುವಾತು ಮಾಡಿದ ಮೇಲೆ ಸುರಿಸಿದರೇ? ಇಲ್ಲ. ಅವರು ಸುರಿಸಿದರು, ಹಾಸಿಗೆಯಲ್ಲಿರುವ ಮಗುವಿನ ತಾಯಿಯನ್ನು ಕರೆದು, ಇದು ನಮ್ಮಿಂದಲೇ ಆಯಿತೆಂದು ಸಾಬೀತು ಮಾಡು ತಾಯಿ ಎಂದರು. ಸಿಂಪಡಣೆಗೆ ಮುನ್ನ ಊರಿನವರ ಆರೋಗ್ಯದ ದಾಖಲೆ ಮಾಡಲಿಲ್ಲ, ನೀರು ಪರೀಕ್ಷಿಸಿಡಲಿಲ್ಲ. ದಾಖಲೆ ಇಡಬೇಕಾದವರೇ ಇಡದೆ, ಬಳಿಕ ದಾಖಲೆ ಇಲ್ಲವೆಂಬುದನ್ನೇ ತಮ್ಮ ಪರ ಸಾಕ್ಷಿಯಾಗಿ ನಿಲ್ಲಿಸಿದರು. ನಮ್ಮ ಮನೆಯ ಆಳು ಹೀಗೆ ಲೆಕ್ಕ ಒಪ್ಪಿಸಿದರೆ ನಾವು ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ಕಾನೂನಿನ ಕಣ್ಣೂ ಇದೇ ಕಡೆಗೆ ವಾಲಿದೆ. ನಿಮ್ಮ ತೋಟದ ಕೊಟ್ಟಿಗೆಯಲ್ಲಿರುವ ಯಾವುದಾದರೂ ಕೀಟನಾಶಕದ ಬಾಟಲಿಯನ್ನು ತಿರುಗಿಸಿ ನೋಡಿ. ಕೆಂಪು, ಹಳದಿ, ನೀಲಿ ಇಲ್ಲವೆ ಹಸಿರು ಬಣ್ಣದ ಗುರುತೊಂದು ಇರುತ್ತದೆ. ಎಷ್ಟು ಪ್ರಮಾಣ ಮೈಗೆ ಹೋದರೆ ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುತ್ತವೆ ಎಂಬ ಲೆಕ್ಕದ ಮೇಲೆ ಆ ಬಣ್ಣ ನಿಂತಿದೆ. ಕೂಡಲೇ ಬರುವ ಸಾವಿನ ಅಳತೆ ಅದು. ಹತ್ತು ವರ್ಷ ಸ್ವಲ್ಪಸ್ವಲ್ಪವೇ ಕುಡಿದ ನೀರು ಗರ್ಭಕ್ಕೆ ಏನು ಮಾಡೀತು ಎಂದು ತಿಳಿಸುವ ಬಣ್ಣ ಅಲ್ಲಿ ಇಲ್ಲ. 1968ರ ಕೀಟನಾಶಕ ಕಾಯಿದೆಯ ಬದಲಿಗೆ ಹೊಸ ಮಸೂದೆ 2008ರಲ್ಲಿ ರಾಜ್ಯಸಭೆಗೆ ಬಂತು, 2020ರಲ್ಲಿ ಮತ್ತೊಮ್ಮೆ ಬಂತು, ಎರಡೂ ಕಾಯಿದೆಯಾಗಲಿಲ್ಲ.

ದೆಹಲಿಯ ನಿಲುವನ್ನೂ ನೆನೆಯಬೇಕು. ಬೇಗನೆ ಕರಗಿಹೋಗದ ಇಂಥ ವಿಷಗಳನ್ನು ಜಗತ್ತಿನಿಂದಲೇ ತೊಲಗಿಸಲು 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ಭಾರತ 2006ರಲ್ಲಿ ಅದನ್ನು ಅಂಗೀಕರಿಸಿತು. ಆದರೆ ಎಂಡೋಸಲ್ಫಾನನ್ನು ಆ ಪಟ್ಟಿಗೆ ಸೇರಿಸುವ ಮಾತು ಬಂದಾಗ ವರ್ಷಗಟ್ಟಲೆ ಅಡ್ಡ ನಿಂತದ್ದು ನಮ್ಮದೇ ದೇಶ. ಏಕೆಂದರೆ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸುತ್ತಿದ್ದುದು, ಬಳಸುತ್ತಿದ್ದುದು ನಾವು. ತಯಾರಕರಲ್ಲಿ ಕೇಂದ್ರ ಸರಕಾರದ್ದೇ ಆದ ಹಿಂದುಸ್ತಾನ್ ಇನ್ಸೆಕ್ಟಿಸೈಡ್ಸ್ ಕೂಡ ಒಂದು. ಮಾರುವವನೇ ತೀರ್ಪುಗಾರನಾದರೆ ತೀರ್ಪು ಏನಾದೀತು? ಬಡ ರೈತನಿಗೆ ಅಗ್ಗದ ಔಷಧಿ ತಪ್ಪುತ್ತದೆ, ಇದು ಯುರೋಪಿನ ಕಂಪೆನಿಗಳ ಸಂಚು ಎಂಬ ವಾದವೂ ಕೇಳಿಬಂತು. ಯುರೋಪಿನ ವ್ಯಾಪಾರಿಗಳು ಸಂತರೆಂದು ನಾನು ಹೇಳುವುದಿಲ್ಲ. ಆದರೆ ವಾಣಿನಗರದ ಮಗು ಯಾವ ಕಂಪೆನಿಯ ಸಂಚಿನಲ್ಲಿ ಪಾಲುದಾರ?

ಕೊನೆಗೆ 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನ್ ಆ ಪಟ್ಟಿಗೆ ಸೇರಿತು. ಕರ್ನಾಟಕ ಸರಕಾರ ಅದೇ ಫೆಬ್ರುವರಿಯಲ್ಲೇ ನಿಷೇಧ ಹೊರಡಿಸಿತ್ತು. ಮೇ 13ರಂದು ಸರ್ವೋಚ್ಚ ನ್ಯಾಯಾಲಯ ಇಡೀ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆಯನ್ನು ತಡೆಹಿಡಿಯಿತು. ನಾವೆಲ್ಲ ನಿಟ್ಟುಸಿರು ಬಿಟ್ಟು ಪತ್ರಿಕೆ ಮಡಚಿಟ್ಟೆವು.

ನನ್ನ ತಕರಾರು ಇರುವುದು ಆ ಮಡಚಿಟ್ಟ ಪತ್ರಿಕೆಯ ಮೇಲೆ. ನಿಷೇಧದಿಂದ ವಿಷ ನಿಂತಿತು. ಹಾಸಿಗೆಯಲ್ಲಿದ್ದವರು ಎದ್ದು ನಡೆಯಲಿಲ್ಲ. 2017ರ ಜನವರಿ 10ರಂದು ಸರ್ವೋಚ್ಚ ನ್ಯಾಯಾಲಯ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು 3 ತಿಂಗಳೊಳಗೆ ಕೊಡಬೇಕೆಂದು ಕೇರಳಕ್ಕೆ ಆದೇಶಿಸಿತು. 5 ವರ್ಷಗಳ ಬಳಿಕ, 2022ರಲ್ಲಿ, 3,704 ಮಂದಿಯ ಪೈಕಿ ಹಣ ದೊರೆತದ್ದು 8 ಮಂದಿಗೆ ಎಂಬುದು ಅದೇ ನ್ಯಾಯಾಲಯದ ಮುಂದೆ ಬಯಲಾಯಿತು. ನ್ಯಾಯಾಲಯ ಗದರಿದ ಮೇಲೆಯೇ ಬೊಕ್ಕಸದ ಬೀಗ ಸಡಿಲಿದ್ದು. ನಮ್ಮ ರಾಜ್ಯದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ವೈಕಲ್ಯವಿದ್ದವರಿಗೆ ತಿಂಗಳಿಗೆ 3,000 ರೂಪಾಯಿ, ಶೇಕಡಾ 25ರಿಂದ 60ರೊಳಗಿನವರಿಗೆ 1,500 ಎಂದು ನಿಗದಿಯಾಯಿತು. ಬಳಿಕ ಅದು ಕೊಂಚ ಏರಿತು. ಕೊಕ್ಕಡ, ಕೊಯಿಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಒಳ್ಳೆಯದೇ. ಆದರೆ ಹಗಲು ಮುಗಿದ ಮೇಲೆ? ಶೇಕಡಾವಾರು ಚೀಟಿಗಾಗಿ, ಇಪ್ಪತ್ತು ದಾಟಿದ ಮಗನನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಯ ಮೆಟ್ಟಿಲು ಹತ್ತುವ ತಾಯಿಯೂ ಅದೇ ರುಜುವಾತಿನ ಹೊರೆಯನ್ನೇ ಇನ್ನೂ ಹೊರುತ್ತಿದ್ದಾಳೆ.

ಆ ತಾಯಂದಿರಿಗೆ ಈಗ ವಯಸ್ಸಾಗುತ್ತಿದೆ. 1990ರಲ್ಲಿ ಹುಟ್ಟಿದ ಮಗುವಿಗೆ ಈಗ ಮೂವತ್ತೈದು ದಾಟಿದೆ. ಉಣ್ಣಿಸಬೇಕು, ಬಟ್ಟೆ ಬದಲಿಸಬೇಕು, ರಾತ್ರಿ ಮಗ್ಗುಲು ಹೊರಳಿಸಬೇಕು. ನಾನು ಸತ್ತ ಮರುದಿನ ಇವನನ್ನು ಯಾರು ನೋಡುತ್ತಾರೆ ಎಂದು ಆಕೆ ಕೇಳಿದರೆ, ಮಾಸಾಶನದ ಯಾವ ಪಾಸುಬುಕ್ಕಿನಲ್ಲೂ ಅದಕ್ಕೆ ಉತ್ತರವಿಲ್ಲ. ಹಗಲೂ ರಾತ್ರಿಯೂ ತೆರೆದಿರುವ ಶಾಶ್ವತ ಪಾಲನಾ ಮನೆಗಳು ಬೇಕೆಂಬ ಬೇಡಿಕೆ ಹಳೆಯದು. ಸರಕಾರವನ್ನು ಬೈಯುವುದು ಸುಲಭ; ಇಷ್ಟು ಹೊತ್ತು ನಾನೂ ಅದನ್ನೇ ಮಾಡಿದೆ. ಆದರೆ ಈ ಕರಾವಳಿಯಲ್ಲಿ ಆಸ್ಪತ್ರೆಗಳನ್ನು, ದಾದಿಯರ ಶಾಲೆಗಳನ್ನು, ಆಶ್ರಮಗಳನ್ನು ಕಟ್ಟಿ ಬೆಳೆಸಿದವರೆಂಬ ಹೆಮ್ಮೆ ನಮಗಿದೆಯಷ್ಟೆ? ಆ ಹೆಮ್ಮೆಯ ಪಟ್ಟಿಯಲ್ಲಿ ಇವರಿಗಾಗಿ ಮೀಸಲಿಟ್ಟ ಹಾಸಿಗೆಗಳು ಎಷ್ಟು? ವಾರ್ಷಿಕ ವರದಿಯಲ್ಲಿ ಹುಡುಕಿ ನೋಡೋಣ.

ವಿಷವೂ ಪೂರ್ತಿ ಹೋಗಿದೆಯೆಂದು ತಿಳಿಯಬೇಡಿ. ನಿಷೇಧದ ನಂತರ ಉಳಿದ ದಾಸ್ತಾನು ವರ್ಷಗಟ್ಟಲೆ ಕಾಸರಗೋಡಿನ ಗೋದಾಮುಗಳಲ್ಲೇ ಬಿದ್ದಿತ್ತು. ಗಡಿಯ ಮಿಂಚಿಪದವು ಗುಡ್ಡದ ಬಾವಿಯೊಂದರಲ್ಲಿ ಅದನ್ನು ಹೂಳಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದೆ. ಬೇರು ಹುಳಕ್ಕೆಂದು ಅಡಿಕೆ ತೋಟಕ್ಕೆ, ಗೆದ್ದಲಿಗೆಂದು ಮನೆಯ ಪಾಯಕ್ಕೆ ನಾವು ಸುರಿಯುತ್ತ ಬಂದಿರುವ ಕ್ಲೋರ್‌ಪೈರಿಫಾಸ್ ಬೇರೆ ಬಳಗದ್ದು. ಆದರೂ 2025ರ ಮೇ ತಿಂಗಳಲ್ಲಿ ಕೆಲವು ವಿನಾಯಿತಿಗಳೊಂದಿಗೆ ಅದೇ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿತು. 'ಸಾಬೀತಾಗಿಲ್ಲ' ಎಂಬ ಹಳೆಯ ಪಲ್ಲವಿಯನ್ನು ಅದರ ಬಗೆಗೂ ನೀವು ಕೇಳುವಿರಿ. ಅಂಗಡಿಯವನನ್ನಾಗಲಿ ಅಧಿಕಾರಿಯನ್ನಾಗಲಿ ಆಗ ಒಂದೇ ಪ್ರಶ್ನೆ ಕೇಳಿ: ನಿರಪಾಯಕಾರಿ ಎಂಬುದಕ್ಕೆ ರುಜುವಾತು ಎಲ್ಲಿದೆ?

ಪುತ್ತೂರು, ಬೆಳ್ತಂಗಡಿ, ಬಂಟ್ವಾಳ ತಾಲೂಕುಗಳ ಧರ್ಮಕೇಂದ್ರಗಳಲ್ಲಿ ಮುಂದಿನ ಪಾಲನಾ ಮಂಡಳಿಯ ಸಭೆಗೆ ಹೋಗುವವರಲ್ಲಿ ನನ್ನದೊಂದು ವಿನಂತಿ. ಹಬ್ಬದ ದೀಪಾಲಂಕಾರದ ಖರ್ಚಿನ ಚರ್ಚೆಗೆ ಮೊದಲು, ನಿಮ್ಮ ಎಲ್ಲೆಯೊಳಗೆ ಇಂಥ ಮನೆಗಳು ಎಷ್ಟಿವೆ ಎಂದು ಕೇಳಿರಿ. ಯಾವ ಧರ್ಮದವರ ಮನೆ ಎಂದು ನೋಡಬೇಡಿ, ಹೆಲಿಕಾಪ್ಟರ್ ನೋಡಿರಲಿಲ್ಲ. ವಾರಕ್ಕೆ ಒಂದು ರಾತ್ರಿ ಆ ತಾಯಿ ನಿದ್ದೆ ಮಾಡಲಿ ಎಂದು ಅಲ್ಲಿಗೆ ಹೋಗಿ ಕುಳಿತುಕೊಳ್ಳಬಲ್ಲವರು ಯಾರೆಂದು ಕೇಳಿ, ಹೆಸರು ಬರೆದುಕೊಳ್ಳಿರಿ.