ಬಂಡೆಗಳ ವಿಳಾಸ

ಬಂಡೆಯೇರುವ ಆಟವು ಒಲಿಂಪಿಕ್ ಪದಕಗಳ ಸಾಲಿಗೆ ಸೇರಿದುದು ೨೦೨೧ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ. ಅದಕ್ಕೆ ಬಹು ಹಿಂದಿನಿಂದಲೇ ಬೆಂಗಳೂರಿನ ತರುಣರು ಹಗ್ಗ ಹೆಗಲಿಗೇರಿಸಿ ರಾಮನಗರ, ಮಾಗಡಿ, ಕನಕಪುರಗಳ ದಾರಿ ಹಿಡಿಯುತ್ತಿದ್ದರು. ಇವರಲ್ಲಿ ಎರಡು ಪಂಗಡ. ಒಂದು ಪಂಗಡದವರು ಹಗ್ಗ ಕಟ್ಟಿಕೊಂಡು ನೂರಾರು ಅಡಿ ಎತ್ತರದ ಕಲ್ಲುಗೋಡೆಯನ್ನೇರುವರು. ಇನ್ನೊಂದು ಪಂಗಡದವರು ಹಗ್ಗದ ಗೊಡವೆಯೇ ಇಲ್ಲದೆ, ಎರಡಾಳೆತ್ತರದ ಗುಂಡುಕಲ್ಲಿನ ಬುಡದಲ್ಲಿ ದಪ್ಪ ಮೆತ್ತೆಯೊಂದನ್ನು ಹಾಸಿ, ಬಿದ್ದರೆ ಅದರ ಮೇಲೆ ಬಿದ್ದು ಎದ್ದು, ಒಂದೇ ಕಲ್ಲಿನೊಡನೆ ಇಡೀ ದಿನ ಸೆಣಸುವರು. ಇದಕ್ಕೆ ಬೌಲ್ಡರಿಂಗ್ ಎಂದು ಹೆಸರು. ಹಂಪೆಯ ಗುಂಡುಗಳಿಂದ ಅದು ಹೊರದೇಶದವರಿಗೂ ಪರಿಚಿತವಾಯಿತು. ಅಮೆರಿಕದ ಕ್ರಿಸ್ ಶರ್ಮಾ ಹಂಪೆಗೆ ಬಂದು ಏರಿದ ಚಿತ್ರ ೨೦೦೩ರಲ್ಲಿ ಹೊರಬಂದಿತು.

ಈ ಎರಡು ಪಂಗಡದವರ ಮಾತಿನಲ್ಲಿಯೂ ಮತ್ತೆ ಮತ್ತೆ ಕೇಳಿಬರುವುದು 'ಹೊಸ ಜಾಗ ಹುಡುಕುವುದು' ಎಂಬ ಮಾತು. ಈ ಹುಡುಕಾಟದ ಸ್ವರೂಪವೇನು, ಸಿಕ್ಕ ಜಾಗ ಮುಂದೆ ಏನಾಗುತ್ತದೆ ಎಂಬುದನ್ನು ವಿಚಾರಿಸಬೇಕಾದ ಕಾಲ ಬಂದಿದೆ.

ನೆಲದ ಮಾತನ್ನು ಮೊದಲು ಹೇಳಬೇಕು. ರಾಮನಗರದ ಸೀಮೆಯಿಂದ ಮೊದಲಾಗಿ ಬಡಗಣಕ್ಕೆ ಬಳ್ಳಾರಿ, ಹೊಸಪೇಟೆಗಳನ್ನೂ ಮೀರಿ ಹಬ್ಬಿದ ಕಗ್ಗಲ್ಲಿನ ಪಟ್ಟಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯ ಕಲ್ಲು ಇದು. ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿದ್ದ ಊರು ರಾಮನಗರವಾಯಿತು. ಅದರ ಹೆಸರಿನ ಜಿಲ್ಲೆ ೨೦೨೫ರಲ್ಲಿ ಬೆಂಗಳೂರು ದಕ್ಷಿಣವಾಯಿತು. ಕಲ್ಲು ಮಾತ್ರ ಆ ದೊರೆಯ ಹೆಸರನ್ನು ಇನ್ನೂ ಹೊತ್ತುಕೊಂಡಿದೆ! ಈ ಕಲ್ಲಿನಲ್ಲಿ ನಸುಗೆಂಪು ಬಣ್ಣದ ದಪ್ಪ ಹರಳುಗಳುಂಟು. ಮಳೆ ಗಾಳಿಗೆ ಸುತ್ತಣ ಭಾಗ ಸವೆದು ಹರಳುಗಳು ಎದ್ದು ನಿಲ್ಲುವುದರಿಂದ, ದೂರಕ್ಕೆ ನುಣ್ಣಗೆ ಕಾಣುವ ಬಂಡೆಯ ಮೈ ಹತ್ತಿರ ಹೋದವನ ಬೆರಳಿಗೂ ಪಾದಕ್ಕೂ ಒರಟಾಗಿ ಒದಗುತ್ತದೆ. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುವುದು ಇದರ ಇನ್ನೊಂದು ಗುಣ. ಏರುವವನು ಪ್ರತಿಯೊಂದು ಹಿಡಿಯನ್ನೂ ಅಂಗೈಯಿಂದ ತಟ್ಟಿ ನೋಡುತ್ತಾನೆ. ಟೊಳ್ಳು ಸದ್ದು ಬಂದರೆ ಆ ಪದರವನ್ನು ನಂಬುವುದಿಲ್ಲ. ಕಲ್ಲುಕುಟಿಗನೂ ಸುತ್ತಿಗೆಯಿಂದ ತಟ್ಟಿ ಅದೇ ಸದ್ದಿಗೆ ಕಿವಿಗೊಡುತ್ತಾನೆ. ಅವನಿಗೆ ಬೇಕಾದುದು ಆ ಟೊಳ್ಳೇ. ಹಾಸುಬಂಡೆಯ ಮೇಲೆ ಬೆಂಕಿಯಿಟ್ಟು ಕಾಯಿಸಿ ಚಪ್ಪಡಿಯನ್ನು ಎಬ್ಬಿಸುವ ಅವನ ವಿದ್ಯೆಗೆ ಆಧಾರವೂ ಅದೇ ಪದರ. ಒಂದೇ ಓದು, ಎರಡು ಅರ್ಥ.

ಹೀಗಿರುವಾಗ 'ಹೊಸ ಜಾಗ' ಎಂಬ ಮಾತಿಗೆ ಅರ್ಥವೇನು? ಕನ್ನಡದ ಪಾಠ ಹೇಳುವವನಿಗೆ ಆ ಮಾತನ್ನು ಕೇಳಿದೊಡನೆ ಸ್ವಲ್ಪ ಕಿರಿಕಿರಿಯಾಗುತ್ತದೆ. ನಮ್ಮ ಜನ ಕಲ್ಲನ್ನು ನೋಡಿದ ನೋಟ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ನುಡಿಯೇ ಸಾಕ್ಷಿ. ಹಳಗನ್ನಡದ 'ಅಱೆ' ಇಂದಿಗೂ 'ಹಾಸರೆ'ಯಲ್ಲಿ ಉಳಿದಿದೆ. ನೆಟ್ಟಗೆ ನಿಂತದ್ದು ಕೋಡುಗಲ್ಲು, ಉರುಳಿ ನಿಂತದ್ದು ಗುಂಡು, ನೆತ್ತಿಯಲ್ಲಿ ನೀರು ತಂಗುವ ಕುಳಿ ದೊಣೆ, ಕಾಲಿಟ್ಟರೆ ಜಾರುವುದು ಜಾರುಬಂಡೆ. ನಗರದ ಉದ್ಯಾನದಲ್ಲಿ ತಗಡಿನಿಂದಲೋ ಪ್ಲಾಸ್ಟಿಕ್ಕಿನಿಂದಲೋ ಮಾಡಿಟ್ಟ ಆಟದ ಸಾಧನವನ್ನೂ ನಮ್ಮ ಮಕ್ಕಳು ಜಾರುಬಂಡೆಯೆಂದೇ ಕರೆಯುತ್ತಾರಲ್ಲ! ಸಾವನದುರ್ಗದ ಎರಡು ನೆತ್ತಿಗಳಿಗೆ ಕರಿಗುಡ್ಡ, ಬಿಳಿಗುಡ್ಡ ಎಂದು ಹೆಸರಿಟ್ಟವರು ಕಲ್ಲಿನ ಬಣ್ಣವನ್ನು ಗುರುತಿಸಿದವರು. ಅಭೇದ್ಯವೆಂದು ಹೆಸರಾಗಿದ್ದ ಆ ದುರ್ಗವನ್ನು ೧೭೯೧ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ವಶಪಡಿಸಿಕೊಂಡಿತು. ಏರುವ ದಾರಿಯ ಪ್ರಶ್ನೆ ಅಂದೂ ಇತ್ತೆಂದಾಯಿತು. ಅದೇ ಬೆಟ್ಟದ ಮೈಮೇಲೆ ಇಂದಿನ ಏರುಗರು ಗುರುತಿಸಿದ ದಾರಿಯೊಂದಕ್ಕೆ 'ಬೆಳದಿಂಗಳು' ಎಂಬ ಹೆಸರು ನಿಂತಿರುವುದು ಸಂತೋಷದ ಸಂಗತಿ. ಕುರಿ ಮೇಯಿಸುವವರು, ಬೆಟ್ಟದ ದೇವರ ಒಕ್ಕಲಿನವರು, ಜೇನು ಇಳಿಸುವವರು ಈ ಬಂಡೆಗಳನ್ನು ಎಂದೋ ಕಂಡವರು. ಆದುದರಿಂದ ಹುಡುಕಬೇಕಾದುದು ಬಂಡೆಯನ್ನಲ್ಲ, ಅದನ್ನು ಬಲ್ಲವರನ್ನು.

ಇದೇನೋ ಸರಿ. ಸಂಕಟವಿರುವುದು ಬೇರೆಡೆ. ಜನರ ನುಡಿಯಲ್ಲಿ ಇಷ್ಟು ಹೆಸರುಗಳುಳ್ಳ ಬಂಡೆಗೆ ಸರಕಾರದ ಪಹಣಿಯಲ್ಲಿರುವುದು ಒಂದೇ ಹೆಸರು: ಖರಾಬು. ಉಳಲು ಬಾರದ ನೆಲವೆಂದು ಅದರ ತಾತ್ಪರ್ಯವಾದರೂ, ಪದದ ಮೂಲಾರ್ಥ ಕೆಟ್ಟದ್ದು, ಹಾಳಾದದ್ದು. ಹಾಳೆಂದು ಬರೆದಿಟ್ಟುದನ್ನು ಹಾಳು ಮಾಡಲು ಯಾರಿಗೆ ತಾನೆ ಸಂಕೋಚ? ಕಲ್ಲುಗಣಿಗೆ ಗುತ್ತಿಗೆ ಕೇಳಿ ಅರ್ಜಿ ಬಂದಾಗ ಆ ಬಂಡೆಗೆ ಬೆಲೆ ಬರುವುದು ಜಲ್ಲಿಯ ಲೆಕ್ಕದಲ್ಲಿ. ಊರಿನ ದನಿಗೆ ದೇವಸ್ಥಾನವಿದ್ದರೆ ಬಲ ಬರುತ್ತದೆ. ಅರಣ್ಯವಾಗಿದ್ದರೆ ಒಂದು ಇಲಾಖೆ ಮಾತನಾಡುತ್ತದೆ. ಕೋಟೆಯಿದ್ದರೆ ಇನ್ನೊಂದು ಇಲಾಖೆ. ಇವೊಂದೂ ಇಲ್ಲದ ಬರಿಯ ಬಂಡೆಯ ಪರವಾಗಿ ಮಾತನಾಡುವವರು ಯಾರು? ಹತ್ತಾರು ವರ್ಷ ಅದರ ಮೈಯನ್ನು ಬೆರಳಿನಿಂದ ಓದಿದ ಏರುಗರು ಮಾತನಾಡಬಹುದಾಗಿತ್ತು. ಆದರೆ ಅವರಲ್ಲಿ ಅನೇಕರು ತಮ್ಮ ಜಾಗಗಳನ್ನು ಗುಟ್ಟಾಗಿಟ್ಟಿರುತ್ತಾರೆ.

ಈ ಗುಟ್ಟಿಗೆ ಕಾರಣವಿಲ್ಲದಿಲ್ಲ. ಹೆಸರು ಹೊರಬಿದ್ದರೆ ಜನ ನುಗ್ಗುತ್ತಾರೆ. ಜನ ನುಗ್ಗಿದರೆ ಬಾಟಲಿಯ ಚೂರು, ಬಂಡೆಯ ಮೇಲೆ ಪ್ರೇಮಿಗಳ ಹೆಸರು, ಕೊನೆಗೆ ಇಲಾಖೆಯ ನಿಷೇಧ. ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನೇ ಅರಣ್ಯ ಇಲಾಖೆ ತಡೆದುದು ಎಲ್ಲರ ನೆನಪಿನಲ್ಲಿದೆ. ಒಪ್ಪಬೇಕಾದ ಭಯವೇ. ಆದರೂ ಈ ಲೇಖಕನ ಅಭಿಪ್ರಾಯದಲ್ಲಿ ಗುಟ್ಟಿನಿಂದ ಆಗುವ ಹಾನಿಯೇ ಹೆಚ್ಚಿನದು. ತುಳಿತದಿಂದ ಮಾಸಿದ ಬಂಡೆ ಬಂಡೆಯಾಗಿಯಾದರೂ ಉಳಿಯುತ್ತದೆ. ಯಾರಿಗೂ ತಿಳಿಯದ ಬಂಡೆ ಸದ್ದಿಲ್ಲದೆ ಲಾರಿಯೇರುತ್ತದೆ. ಬೆಂಗಳೂರಿನ ತುರಹಳ್ಳಿಯ ಕಿರುಅರಣ್ಯವನ್ನು ವೃಕ್ಷೋದ್ಯಾನವಾಗಿಸುವ ಯೋಜನೆ ೨೦೨೧ರಲ್ಲಿ ನಿಂತುದು, ಅಲ್ಲಿ ನಡೆದಾಡುತ್ತಿದ್ದ ಸಾವಿರಾರು ಜನ ಅದನ್ನು ತಮ್ಮದೆಂದು ಬಹಿರಂಗವಾಗಿ ಹೇಳಿದುದರಿಂದ.

ಬಹಿರಂಗವೆಂದರೆ ಎಲ್ಲವನ್ನೂ ಎಲ್ಲರಿಗೂ ತೆರೆದಿಡುವುದೆಂದಲ್ಲ. ರಾಮದೇವರ ಬೆಟ್ಟವನ್ನೇ ನೋಡಿ. 'ಶೋಲೆ' ಚಿತ್ರದಿಂದ ೧೯೭೫ರಲ್ಲಿ ದೇಶಕ್ಕೆಲ್ಲ ಪರಿಚಯವಾದ ಈ ಬಂಡೆಗಳ ಕಡಿದಾದ ಅಂಚುಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ದೇಶದ ಉದ್ದಗಲಕ್ಕೂ ಈ ಹಕ್ಕಿಗಳ ಕುಲವೇ ಅಳಿಯುವಂತಾಯಿತು. ಪಶುಗಳಿಗೆ ಅದರ ಬಳಕೆ ೨೦೦೬ರಲ್ಲಿ ನಿಷೇಧವಾಯಿತು. ರಾಮದೇವರ ಬೆಟ್ಟ ೨೦೧೨ರಲ್ಲಿ ರಣಹದ್ದುಗಳ ಅಭಯಾರಣ್ಯವಾಯಿತು. ಹೆಣ್ಣು ಹದ್ದು ವರ್ಷಕ್ಕಿಡುವುದು ಒಂದೇ ಮೊಟ್ಟೆ. ಅದು ಗೂಡಿನಲ್ಲಿರುವ ಚಳಿಗಾಲವೇ ಏರುಗರಿಗೂ ಹದವಾದ ಕಾಲ: ಬಂಡೆ ತಣ್ಣಗಿರುತ್ತದೆ, ಕೈ ಬೆವರುವುದಿಲ್ಲ. ಹಕ್ಕಿಗೂ ಮನುಷ್ಯನಿಗೂ ಒಂದೇ ಕಲ್ಲಂಚು, ಒಂದೇ ತಿಂಗಳು ಬೇಕಾದಾಗ ಬಿಟ್ಟುಕೊಡಬೇಕಾದವರು ಯಾರೆಂಬುದರಲ್ಲಿ ವಾದಕ್ಕೆ ಎಡೆಯಿಲ್ಲ. ಮನುಷ್ಯನಿಗೆ ಬೇರೆ ಬಂಡೆಯುಂಟು.

ಆ ಬೇರೆ ಬಂಡೆ ಯಾವುದೆಂದು ಹೇಳಬಲ್ಲ ದಾಖಲೆ ಬೇಕಾಗಿದೆ. ತಾಲ್ಲೂಕಿಗೊಂದರಂತೆ ಬಂಡೆಗಳ ಪಟ್ಟಿಯಾಗಬೇಕು. ಊರಿನವರು ಕರೆಯುವ ಹೆಸರು, ನೆಲ ಯಾವ ಇಲಾಖೆಗೆ ಅಥವಾ ಯಾರ ಹಿಡುವಳಿಗೆ ಸೇರಿದುದು, ದೇವರ ನೆಲೆಯುಂಟೆ, ಗವಿಯಲ್ಲಿ ಕರಡಿ ಅಥವಾ ಅಂಚಿನಲ್ಲಿ ಹೆಜ್ಜೇನು ಉಂಟೆ, ಯಾವ ತಿಂಗಳಲ್ಲಿ ಹತ್ತಿರ ಸುಳಿಯಬಾರದು, ಎಂದೆಂದಿಗೂ ಏರಬಾರದ ಬಂಡೆ ಯಾವುದು, ಇವೆಲ್ಲ ಅದರಲ್ಲಿರಬೇಕು. ಬಂಡೆಗೆ ರಂಧ್ರ ಕೊರೆದು ಉಕ್ಕಿನ ಬೋಲ್ಟ್ ಕೂರಿಸುವ ಪ್ರಶ್ನೆಯೂ ಅಲ್ಲಿಯೇ ಇತ್ಯರ್ಥವಾಗಲಿ. ಒಮ್ಮೆ ಕೊರೆದದ್ದು ಮತ್ತೆ ಕೂಡುವುದಿಲ್ಲ, ಹಾಗೆಂದು ಕೊರೆಯದೆ ಏರಿದವನು ಬಿದ್ದು ಸತ್ತರೂ ಊರಿಗೆ ಒಳಿತಿಲ್ಲ. ಇಂತಹ ಪಟ್ಟಿ ಏರುಗರೊಬ್ಬರಿಂದಲೇ ಆಗುವಂಥದಲ್ಲ. ಹೆಸರುಗಳನ್ನು ಕೇಳಿ ಬರೆದುಕೊಳ್ಳುವ ಕೆಲಸಕ್ಕೆ ಆಯಾ ತಾಲ್ಲೂಕಿನ ಕಾಲೇಜು ವಿದ್ಯಾರ್ಥಿಗಳಿಗಿಂತ ತಕ್ಕವರಿಲ್ಲ. ಜಾನಪದ ಸಂಗ್ರಹಕ್ಕೆಂದು ಅವರನ್ನು ಹಳ್ಳಿಗಳಿಗೆ ಕಳುಹುವ ರೂಢಿ ನಮ್ಮಲ್ಲಿ ಇದ್ದೇ ಇದೆ, ಹಾಡಿನ ಜೊತೆಗೆ ಕಲ್ಲಿನ ಹೆಸರನ್ನೂ ಕೇಳಿಕೊಂಡು ಬಂದರಾಯಿತು. ಪ್ರತಿಯೊಂದನ್ನು ಗ್ರಾಮ ಪಂಚಾಯಿತಿಗೂ, ಒಂದನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಕೊಟ್ಟರೆ, ಮುಂದಿನ ಗುತ್ತಿಗೆಯ ಅರ್ಜಿ ಬಂದಾಗ ಖರಾಬು ಎಂಬ ಪದದ ಪಕ್ಕದಲ್ಲಿ ಓದಲು ಇನ್ನೊಂದು ಪದವಾದರೂ ಇರುತ್ತದೆ. ಮಾಗಡಿಯ ಕಡೆಯಿಂದ ಮೊದಲಿಡಬಹುದು. ಬೇಸಗೆಯಲ್ಲಿ ಬಂಡೆ ಕಾಯುವುದರಿಂದ ದಸರೆಯ ರಜೆಯೇ ಅದಕ್ಕೆ ಅನುಕೂಲ.